ಕರ್ನಾಟಕ ಸಂಗೀತ: ಕೇಳ್ಮೆಯನ್ನು ಹೊಸದಾಗಿ ಆರಂಭಿಸುವವರಿಗೆ

ಶಾಸ್ತ್ರೀಯ ಸಂಗೀತದ ಬಗ್ಗೆ ಕುತೂಹಲವಿದ್ದೂ ಅದರ ಹತ್ತಿರ ಸುಳಿಯದೆ ಉಳಿದುಬಿಡುವ ಬಹುಪಾಲು ಜನರಲ್ಲಿ ಒಂದು ಅಳುಕು ಮನೆಮಾಡಿರುತ್ತದೆ: ರಾಗ, ತಾಳ, ಮೇಳಕರ್ತ ಮುಂತಾದವನ್ನೆಲ್ಲ ಅರಿತ ಮೇಲಷ್ಟೇ ಕಛೇರಿಯಲ್ಲಿ ಕೂರುವ ಅರ್ಹತೆ ಬರುತ್ತದೆ, ಅಲ್ಲಿಯವರೆಗೆ ತಲೆದೂಗುವುದು ಬರಿಯ ತೋರಿಕೆಯಾದೀತು ಎಂದು. ಈ ಕ್ರಮವೇ ತಿರುಗುಮುರುಗಾದದ್ದು. ಪಳಗಿದ ಕಿವಿಯುಳ್ಳ ರಸಿಕರಲ್ಲಿ ಎಷ್ಟೋ ಮಂದಿ ಒಂದು ಸರಳೆ ವರಸೆಯನ್ನೂ ಗುರುಮುಖೇನ ಕಲಿತವರಲ್ಲ; ಅವರಿಗೆ ದಕ್ಕಿರುವುದೆಲ್ಲ ಕೇಳ್ಮೆಯಿಂದಲೇ ದಕ್ಕಿದ್ದು, ಹೆಸರುಗಳು ಆಮೇಲೆ ಬಂದು ಸೇರಿಕೊಂಡವು. ಆ ಕೇಳ್ಮೆಯನ್ನು ಎಲ್ಲಿಂದ, ಹೇಗೆ ಆರಂಭಿಸಬಹುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ. ಧಾರವಾಡ, ಗದಗಗಳ ಕಡೆ ಆಳವಾಗಿ ಬೇರೂರಿರುವ ಹಿಂದೂಸ್ತಾನಿ ಪದ್ಧತಿಗೂ ಇಲ್ಲಿನ ಕೆಲವು ಮಾತುಗಳು ಸಲ್ಲುತ್ತವೆಯಾದರೂ, ಅದರ ಕಛೇರಿಯ ನಡೆಯೇ ಬೇರೆಯಾದ್ದರಿಂದ ಈ ಬರಹ ಕರ್ನಾಟಕ ಸಂಗೀತಕ್ಕಷ್ಟೇ ಸೀಮಿತವಾಗಿದೆ.

ಮೊದಲಿಗೆ ಒಂದೇ ರಚನೆ

ಹೊಸಬರು ಸಾಮಾನ್ಯವಾಗಿ ಹೆಸರಾಂತ ವಿದ್ವಾಂಸರೊಬ್ಬರ ಮೂರು ಗಂಟೆಯ ಕಛೇರಿಯ ಧ್ವನಿಮುದ್ರಣವನ್ನು ಹುಡುಕಿ, ಬೇರೆ ಯಾವುದೋ ಕೆಲಸ ಮಾಡುತ್ತಾ ಅದನ್ನು ಹಾಕಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಎಲ್ಲವೂ ಒಂದೇ ತೆರನಾಗಿ ಕೇಳಿಸತೊಡಗುತ್ತದೆ, ಮನಸ್ಸು ಬೇರೆಡೆಗೆ ಹೋಗುತ್ತದೆ, ಕೊನೆಗೆ ಇದು ತಮಗೆ ಒಗ್ಗುವುದಿಲ್ಲವೆಂಬ ತೀರ್ಮಾನ ಉಳಿಯುತ್ತದೆ. ಅದರ ಬದಲು ಐದಾರು ನಿಮಿಷದ ಒಂದೇ ಒಂದು ರಚನೆಯನ್ನು ಆರಿಸಿಕೊಂಡು, ಬೇರೇನನ್ನೂ ಮಾಡದೆ ಕುಳಿತು, ಕೆಲವು ದಿನ ಅದೊಂದನ್ನೇ ಕೇಳಿ. ಈ ಸಂಗೀತದ ಸವಿ ಬಹುಮಟ್ಟಿಗೆ ಪರಿಚಯದಿಂದ ಹುಟ್ಟುವಂಥದ್ದು. ಮುಂದಿನ ಸಾಲು ಹೇಗೆ ಬರಬೇಕೆಂದು ಕಿವಿಗೆ ಗೊತ್ತಿದ್ದಾಗಲೇ ಗಾಯಕರು ಅದನ್ನು ಒಂದಿಷ್ಟು ಬೇರೆಯಾಗಿ ಹಾಡಿದುದು ಹಿತವಾಗಿ ತಟ್ಟುತ್ತದೆ.

ಕನ್ನಡ ಬಲ್ಲವರಿಗೆ ದೇವರನಾಮಗಳಿಗಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಹಿತ್ಯ ಮೊದಲ ಸಲಕ್ಕೇ ಅರ್ಥವಾಗುವುದರಿಂದ ಕಿವಿ ಪೂರ್ತಿಯಾಗಿ ನಾದದ ಕಡೆ ತಿರುಗಲು ಬಿಡುವಾಗುತ್ತದೆ. ಕಾಪಿ ರಾಗದಲ್ಲಿ ಹಾಡುವ ಪುರಂದರದಾಸರ ‘ಜಗದೋದ್ಧಾರನ ಆಡಿಸಿದಳೆಶೋದೆ’ಯನ್ನೋ, ಯಮುನಾಕಲ್ಯಾಣಿಯಲ್ಲಿ ಹಾಡುವ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ವನ್ನೋ ತೆಗೆದುಕೊಳ್ಳಬಹುದು. ಒಬ್ಬರ ಗಾಯನದಲ್ಲಿ ಅದು ಚೆನ್ನಾಗಿ ನೆಲೆಯೂರಿದ ಮೇಲೆ ಅದನ್ನೇ ಮತ್ತಿಬ್ಬರು ಮೂವರಿಂದ ಕೇಳಿ, ಅನಂತರ ವೀಣೆಯಲ್ಲೋ ಕೊಳಲಿನಲ್ಲೋ ಕೇಳಿ. ಮಾತೇ ಇಲ್ಲದ ವಾದ್ಯದಲ್ಲಿ ನಿಮಗೆ ಆ ಮಾತುಗಳೆಲ್ಲ ಕೇಳಿಸತೊಡಗಿದರೆ ರಚನೆ ನಿಮ್ಮದಾಯಿತೆಂದು ತಿಳಿಯಬಹುದು. ಯಾವುದು ಎಲ್ಲರಲ್ಲೂ ಒಂದೇ ಆಗಿ ಉಳಿಯುತ್ತದೆ, ಯಾವುದು ಬದಲಾಗುತ್ತದೆ ಎಂದು ಗಮನಿಸುವುದೇ ಈ ಹಂತದ ಅಭ್ಯಾಸ. ಒಂದೇ ಪದವನ್ನು ಇಬ್ಬರು ಬೇರೆ ಬೇರೆ ರಾಗಗಳಲ್ಲಿ ಹಾಡುವುದನ್ನೂ ನೀವು ಕಾಣಬಹುದು. ಅದರಲ್ಲಿ ಗಾಬರಿಪಡುವಂಥದ್ದೇನಿಲ್ಲ, ದಾಸರ ಪದಗಳ ಮೂಲ ಧಾಟಿಗಳು ಬಹುಪಾಲು ನಮಗೆ ಉಳಿದುಬಂದಿಲ್ಲವಾದ್ದರಿಂದ, ಇಂದು ಕೇಳುವ ಧಾಟಿಗಳಲ್ಲಿ ಅನೇಕವು ನಂತರದ ಸಂಗೀತಗಾರರು ಅಳವಡಿಸಿದವು.

ಷಡ್ಜವನ್ನು ಹಿಡಿಯುವುದು

ಎರಡನೆಯ ಹೆಜ್ಜೆ ಶ್ರುತಿಯದು, ಮತ್ತು ಹೊಸಬರಿಗೆ ಇದನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ. ಕಛೇರಿಯ ಉದ್ದಕ್ಕೂ ಹಿನ್ನೆಲೆಯಲ್ಲಿ ಮಿಡಿಯುವ ತಂಬೂರಿಯ ನಾಲ್ಕು ತಂತಿಗಳು ಸಾಮಾನ್ಯವಾಗಿ ಪಂಚಮ (ಪ), ಷಡ್ಜ (ಸ), ಷಡ್ಜ, ಕೆಳಗಿನ ಷಡ್ಜ ಎಂಬ ಕ್ರಮದಲ್ಲಿ ಕೂಡಿರುತ್ತವೆ. ಇಂದು ಆ ಕೆಲಸವನ್ನು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೋ ಮೊಬೈಲಿನ ಆ್ಯಪ್ ಒಂದೋ ಮಾಡುವುದುಂಟು. ಪಾಶ್ಚಾತ್ಯ ಸಂಗೀತದಲ್ಲಿ ಒಂದು ಕೃತಿಯೊಳಗೇ ಆಧಾರಸ್ವರ ಸ್ಥಳಾಂತರಗೊಳ್ಳುವುದು ಸಹಜ. ಇಲ್ಲಿ ಗಾಯಕರು ಆರಿಸಿಕೊಂಡ ಷಡ್ಜ ಕಛೇರಿಯನ್ನು ಆರಂಭಿಸುವ ವರ್ಣವೆಂಬ ರಚನೆಯಿಂದ ಕೊನೆಯ ಮಂಗಳದವರೆಗೂ ಹೆಚ್ಚುಕಡಿಮೆ ಕದಲುವುದೇ ಇಲ್ಲ. ಆದ್ದರಿಂದ ಹಾಡು ಆರಂಭವಾಗುವ ಮುನ್ನ ಆ ಷಡ್ಜವನ್ನು ಬಾಯಿ ಮುಚ್ಚಿ ಮೆಲ್ಲಗೆ ಗುನುಗಿಕೊಳ್ಳಿ. ಹಾಡು ಸಾಗುತ್ತಿರುವಾಗ ಆಗಾಗ ಅದನ್ನು ಮತ್ತೆ ಹುಡುಕಿ. ಗಾಯಕರು ಷಡ್ಜವನ್ನು ಬಿಟ್ಟು ಎಷ್ಟು ದೂರ ಹೋದರು, ಯಾವಾಗ ಮರಳಿದರು ಎಂಬುದು ಅರಿವಿಗೆ ಬರತೊಡಗಿದರೆ ರಾಗಾಲಾಪನೆ ದಿಕ್ಕಿಲ್ಲದ ಎಳೆದಾಟವೆಂದು ಮುಂದೆ ಎಂದಿಗೂ ಅನ್ನಿಸಲಾರದು.

ಷಡ್ಜಕ್ಕೆ ಎಷ್ಟು ಬಲವಿದೆ ಎಂಬುದನ್ನು ಕಂಡುಕೊಳ್ಳಲು ಒಂದು ಸುಲಭ ಪ್ರಯೋಗವಿದೆ. ಇದಕ್ಕೆ ಮಕ್ಕಳ ಕೀಬೋರ್ಡ್ ಆದರೂ ಸಾಕು, ಮೊಬೈಲಿನದಾದರೂ ಸಾಕು. ಕೀಬೋರ್ಡಿನ ಕಪ್ಪು ಮನೆಗಳು ಎರಡರ ಗುಂಪು, ಮೂರರ ಗುಂಪು ಎಂದು ಬದಲಾಗುತ್ತಾ ಹೋಗುತ್ತವೆ. ಮೂರರ ಗುಂಪಿನ ಮೊದಲನೆಯ ಕಪ್ಪು ಮನೆಯನ್ನು ಷಡ್ಜವೆಂದು ಭಾವಿಸಿ, ಅಲ್ಲಿಂದ ಬರಿಯ ಕಪ್ಪು ಮನೆಗಳನ್ನೇ ಒತ್ತುತ್ತಾ ಮೇಲಕ್ಕೆ ಹೋಗಿ ಇಳಿದರೆ ಮೋಹನ ರಾಗದ ಆರೋಹಣ ಅವರೋಹಣಗಳು ಬರುತ್ತವೆ. ಅದೇ ಗುಂಪಿನ ಎರಡನೆಯ ಮನೆಯನ್ನು ಷಡ್ಜ ಮಾಡಿಕೊಂಡು ಅವೇ ಐದು ಮನೆಗಳನ್ನು ಒತ್ತಿ: ಈಗ ಬರುವುದು ಮಧ್ಯಮಾವತಿ, ಅಂದರೆ ಕರ್ನಾಟಕ ಸಂಗೀತಗಾರರಿಂದ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಹೆಚ್ಚಾಗಿ ನಾವು ಕೇಳುವ ರಾಗ. ಮೂರನೆಯ ಮನೆಯಿಂದ ಹೊರಟರೆ ಹಿಂದೋಳ ಬರುತ್ತದೆ. ಒತ್ತಿದ ಮನೆಗಳು ಅವೇ, ಆದರೆ ಆಧಾರ ಬದಲಾದೊಡನೆ ಭಾವವೇ ಬದಲಾಗಿಬಿಟ್ಟಿತು. ವಿದ್ವಾಂಸರು ಇದನ್ನು ಗ್ರಹಭೇದ ಎನ್ನುತ್ತಾರೆ, ಕೆಲವರು ಆಲಾಪನೆಯ ನಡುವೆ ಇದನ್ನು ಮಿಂಚಿನಂತೆ ತೋರಿಸಿ ಮರಳುವುದೂ ಉಂಟು. ಪ್ರಯೋಗ ಮಾಡುವಾಗ ಷಡ್ಜವನ್ನು ಮೊಬೈಲಿನ ತಂಬೂರಿಯಲ್ಲಿ ಸತತವಾಗಿ ನುಡಿಸಿಕೊಂಡರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ.

ಇನ್ನೊಂದು ಪ್ರಯೋಗವೂ ಅಷ್ಟೇ ಫಲಕಾರಿ. ಎರಡು ಕಪ್ಪು ಮನೆಗಳ ಗುಂಪಿಗೆ ಎಡಕ್ಕಿರುವ ಬಿಳಿ ಮನೆಯಿಂದ ಹೊರಟು ಬಿಳಿ ಮನೆಗಳನ್ನೇ ಒತ್ತುತ್ತಾ ಹೋದರೆ ಶಂಕರಾಭರಣದ ಏಳು ಸ್ವರಗಳು ಸಿಗುತ್ತವೆ. ಅವುಗಳಲ್ಲಿ ನಾಲ್ಕನೆಯದಾದ ಶುದ್ಧ ಮಧ್ಯಮವನ್ನು ಬಿಟ್ಟು, ಅದರ ಬಲಕ್ಕೆ ಅಂಟಿಕೊಂಡ ಕಪ್ಪು ಮನೆಯ ಪ್ರತಿ ಮಧ್ಯಮವನ್ನು ಹಿಡಿದರೆ ಅದೇ ಕಲ್ಯಾಣಿ. ಏಳು ಸ್ವರಗಳ ಮೂಲ ರಾಗಗಳ ಪಟ್ಟಿಯಾದ ಮೇಳಕರ್ತದಲ್ಲಿ ಶಂಕರಾಭರಣ 29ನೆಯದು, ಕಲ್ಯಾಣಿ 65ನೆಯದು. ಎರಡರ ನಡುವಿನ ಅಂತರ 36. ಶುದ್ಧ ಮಧ್ಯಮದ 36 ಮೇಳಗಳಲ್ಲಿ ಮಧ್ಯಮವೊಂದನ್ನು ಬದಲಿಸಿ ಪಡೆದವೇ ಉಳಿದ 36 ಎಂಬುದು ಇಷ್ಟರಿಂದಲೇ ತಿಳಿಯುತ್ತದೆ. 72 ಮೇಳಕರ್ತಗಳ ಬಗ್ಗೆ ಆರಂಭದಲ್ಲಿ ತಿಳಿಯಬೇಕಾದದ್ದು ಇಷ್ಟೇ. ಪಟ್ಟಿಯನ್ನು ಕಂಠಪಾಠ ಮಾಡುವುದು ಕೇಳುಗರಿಗೆ ಈಗಲೇ ಬೇಕಿಲ್ಲ.

ಆದರೆ ಕೀಬೋರ್ಡಿನ ಉಪಯೋಗ ಇಲ್ಲಿಗೆ ಮುಗಿಯುತ್ತದೆ. ಅಲ್ಲಿ ಸ್ವರ ಒಂದೆಡೆ ನಿಂತಿರುತ್ತದೆ. ಗಾಯಕರ ಕಂಠದಲ್ಲಿ ಅದು ತೂಗುತ್ತದೆ, ಜಾರುತ್ತದೆ, ಪಕ್ಕದ ಸ್ವರವನ್ನು ಮುಟ್ಟಿ ಬರುತ್ತದೆ. ಈ ಗಮಕಗಳೇ ರಾಗಕ್ಕೆ ಅದರ ಮುಖವನ್ನು ಕೊಡುತ್ತವೆ. ತೋಡಿಯ ಗಾಂಧಾರವನ್ನು ಗಮನವಿಟ್ಟು ಕೇಳಿದರೆ ಅದು ಒಂದು ಬಿಂದುವಿನಲ್ಲಿ ನಿಲ್ಲದೆ ಉದ್ದಕ್ಕೂ ಅಲುಗುತ್ತಿರುವುದು ಗೊತ್ತಾಗುತ್ತದೆ, ಅದನ್ನು ಕೀಬೋರ್ಡಿನಲ್ಲಿ ನೆಟ್ಟಗೆ ಒತ್ತಿದರೆ ತೋಡಿಯೆಂದು ಯಾರೂ ಒಪ್ಪಲಾರರು. ವೀಣೆಯ ವಾದನವನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕರೆ ಎಡಗೈ ಬೆರಳು ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆಯುವುದನ್ನು ಗಮನಿಸಿ. ಗಮಕವೆಂದರೇನು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಾಗುವುದಿಲ್ಲ.

ಕೈಯಲ್ಲಿ ತಾಳ

ತಾಳ ಹಾಕುವುದು ಬಲ್ಲವರ ಹಕ್ಕು ಎಂದು ಭಾವಿಸಬೇಡಿ. ತಪ್ಪಿದರೂ ಚಿಂತೆಯಿಲ್ಲ, ತೊಡೆಯ ಮೇಲೆ ಸದ್ದಾಗದಂತೆ ಹಾಕಿಕೊಂಡರಾಯಿತು. ಅತಿ ಹೆಚ್ಚು ಬಳಕೆಯಲ್ಲಿರುವ ಆದಿತಾಳ ಎಂಟು ಅಕ್ಷರಗಳದು, ಅಂದರೆ ಎಂಟು ಎಣಿಕೆಗಳದು: ಮೊದಲು ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳುಗಳ ಎಣಿಕೆ, ಇದು ನಾಲ್ಕಕ್ಷರದ ಲಘು. ಅನಂತರ ಒಂದು ಪೆಟ್ಟು ಒಂದು ಹುಸಿ, ಮತ್ತೊಂದು ಪೆಟ್ಟು ಮತ್ತೊಂದು ಹುಸಿ. ಇವು ಎರಡು ದ್ರುತಗಳು. ಹುಸಿಯೆಂದರೆ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು. ಹಂಸಧ್ವನಿ ರಾಗದಲ್ಲಿರುವ ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ಆದಿತಾಳದ್ದೇ ಆಗಿದ್ದು, ಕಛೇರಿಗಳ ಆರಂಭದಲ್ಲಿ ಆಗಾಗ ಕೇಳಿಬರುವುದರಿಂದ ಅಭ್ಯಾಸಕ್ಕೆ ಅನುಕೂಲವಾಗಿದೆ. ಕೈ ಎಲ್ಲಾದರೂ ದಾರಿ ತಪ್ಪಿದರೆ ನಿಲ್ಲಿಸಿ, ಗಾಯಕರ ಕೈಯನ್ನು ನೋಡಿ, ಮುಂದಿನ ಆವರ್ತನದ, ಅಂದರೆ ತಾಳದ ಮುಂದಿನ ಸುತ್ತಿನ, ಮೊದಲ ಪೆಟ್ಟಿಗೆ ಸೇರಿಕೊಳ್ಳಿ.

ಆದಿತಾಳ ಕೈಗೆ ಕೂತ ಮೇಲೆ ಏಳಕ್ಷರದ ಮಿಶ್ರಛಾಪುವಿನ ಕಡೆ ತಿರುಗಬಹುದು. ಮೂರು ಮತ್ತು ನಾಲ್ಕು ಅಕ್ಷರಗಳ ಜೋಡಣೆಯಾದ ಇದನ್ನು ‘ತಕಿಟ ತಕದಿಮಿ’ ಎಂದು ಬಾಯಲ್ಲಿ ಹೇಳಿಕೊಳ್ಳುವುದೇ ಕಲಿಯುವ ಸುಲಭ ದಾರಿ; ಮೇಲೆ ಹೇಳಿದ ‘ಕೃಷ್ಣಾ ನೀ ಬೇಗನೆ ಬಾರೋ’ ಈ ತಾಳದಲ್ಲಿದೆ. ಐದಕ್ಷರದ ಖಂಡಛಾಪುವಿಗೆ ‘ತಕ ತಕಿಟ’ ಸಾಕು. ಹಾಡು ತಾಳದ ಮೊದಲ ಪೆಟ್ಟಿನಲ್ಲೇ ಎತ್ತಿಕೊಳ್ಳಬೇಕೆಂಬ ನಿಯಮವಿಲ್ಲ, ಅರ್ಧ ಅಕ್ಷರವೋ ಒಂದೂವರೆ ಅಕ್ಷರವೋ ಬಿಟ್ಟು ಆರಂಭವಾಗುವ ರಚನೆಗಳು ಬಹಳ. ನಿಮ್ಮ ಲೆಕ್ಕ ತಪ್ಪಿದಂತೆ ತೋರಿದರೆ ಕಾರಣ ಅದೂ ಇರಬಹುದು.

ಕೃತಿಯ ಅಂಗಗಳು ಮತ್ತು ಮನೋಧರ್ಮ

ಕಛೇರಿಯಲ್ಲಿ ಹೆಚ್ಚಿನ ಪಾಲು ಕೃತಿಗಳದೇ, ಅದರಲ್ಲೂ ಶ್ಯಾಮಾಶಾಸ್ತ್ರಿ (1762–1827), ತ್ಯಾಗರಾಜ (1767–1847), ಮುತ್ತುಸ್ವಾಮಿ ದೀಕ್ಷಿತರ ರಚನೆಗಳದು. ಕೃತಿಗೆ ಸಾಮಾನ್ಯವಾಗಿ ಪಲ್ಲವಿ, ಅನುಪಲ್ಲವಿ, ಚರಣ ಎಂಬ ಮೂರು ಅಂಗಗಳಿರುತ್ತವೆ. ಪಲ್ಲವಿ ಮಧ್ಯ ಸ್ಥಾಯಿಯಲ್ಲಿ ನೆಲೆಗೊಳ್ಳುತ್ತದೆ, ಅನುಪಲ್ಲವಿ ಬಹುಸಲ ಮೇಲಿನ ಷಡ್ಜದತ್ತ ಏರುತ್ತದೆ, ಅನುಪಲ್ಲವಿ, ಚರಣ ಎರಡರ ಬಳಿಕವೂ ಹಾಡು ಪಲ್ಲವಿಗೆ ಮರಳುತ್ತದೆ. ಒಂದೇ ಸಾಲನ್ನು ಗಾಯಕರು ನಾಲ್ಕೈದು ಸಲ ಹಾಡಿದಾಗ ಅದೇ ಅದೇ ಬರುತ್ತಿದೆಯೆಂದು ಬೇಸರಿಸಬೇಡಿ. ಪ್ರತಿ ಸಲವೂ ಅದಕ್ಕೊಂದು ಹೊಸ ಕುಸುರಿ ಸೇರಿರುತ್ತದೆ. ಸಂಗತಿಗಳೆಂದು ಕರೆಯುವ ಇವನ್ನು ಬೆನ್ನಟ್ಟುವುದು ಕೇಳುಗರಿಗೆ ಸಿಗುವ ಮೊದಲ ದೊಡ್ಡ ಸಂತೋಷ ಎಂದೇ ನಾನು ಎಣಿಸುತ್ತೇನೆ. ತೆಲುಗೋ ಸಂಸ್ಕೃತವೋ ಆದ ಸಾಹಿತ್ಯದ ಅರ್ಥವನ್ನು ಒಂದೆರಡು ವಾಕ್ಯದಷ್ಟಾದರೂ ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದು. ಭಾವವೇ ಮುಖ್ಯ, ಮಾತು ಗೌಣ ಎಂಬ ವಾದವನ್ನು ಎಷ್ಟೇ ಜನ ಮುಂದಿಟ್ಟರೂ, ತ್ಯಾಗರಾಜರು ರಾಮನನ್ನು ಬೇಡುತ್ತಿದ್ದಾರೋ ಆಕ್ಷೇಪಿಸುತ್ತಿದ್ದಾರೋ ತಿಳಿಯದೆ ಅವರ ಕೃತಿಯನ್ನು ಕೇಳುವುದು ಅರ್ಧ ಕೇಳಿದಂತೆಯೇ.

ರಚನೆಗೆ ಸುತ್ತಲಾಗಿ ಬರುವುದು ಮನೋಧರ್ಮ, ಅಂದರೆ ವೇದಿಕೆಯ ಮೇಲೆ ಆ ಹೊತ್ತಿಗೆ ಹೊಳೆದದ್ದು. ಸಾಹಿತ್ಯವಿಲ್ಲದೆ, ತಾಳವಿಲ್ಲದೆ ರಾಗವನ್ನು ಬಿಡಿಸುವುದು ಆಲಾಪನೆ. ಕೃತಿಯ ಒಂದು ಸಾಲನ್ನು ಇಟ್ಟುಕೊಂಡು, ಮಾತನ್ನು ಹಾಗೆಯೇ ಉಳಿಸಿ ಧಾಟಿಯನ್ನು ಬೆಳೆಸುವುದು ನೆರವಲ್. ಸ್ವರಗಳ ಹೆಸರನ್ನೇ ಹಾಡುತ್ತಾ ಮತ್ತೆ ಮತ್ತೆ ಆ ಸಾಲಿನ ಎತ್ತುಗಡೆಗೆ, ಅಂದರೆ ಅದು ಆರಂಭವಾಗುವ ಜಾಗಕ್ಕೆ, ಬಂದು ಸೇರುವುದು ಕಲ್ಪನಾಸ್ವರ. ಹೊಸಬರಿಗೆ ಕಲ್ಪನಾಸ್ವರ ಬೇಗ ಒಲಿಯುತ್ತದೆ, ಏಕೆಂದರೆ ಗಾಯಕರು ಹಾಡಿದ್ದಕ್ಕೆ ಪಿಟೀಲುವಾದಕರು ಕೊಡುವ ಉತ್ತರ ನೇರವಾಗಿ ಕೇಳಿಸುತ್ತದೆ. ಆಲಾಪನೆಗೆ ಹೆಚ್ಚು ತಾಳ್ಮೆ ಬೇಕು. ಅದು ಕೆಳಗಿನಿಂದ ಹಂತಹಂತವಾಗಿ ಮೇಲಕ್ಕೆ ಹೋಗುವುದನ್ನು, ಗಾಯಕರು ಯಾವ ಸ್ವರದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಗಮನಿಸಿದರೆ ಸಾಕು.

ಮೊದಲ ಕಛೇರಿ

ಧ್ವನಿಮುದ್ರಣಗಳಿಂದ ನಾಲ್ಕಾರು ರಚನೆಗಳ ಪರಿಚಯವಾದ ಮೇಲೆ ಕಛೇರಿಗೆ ಹೋಗುವುದನ್ನು ಮುಂದೂಡಬೇಡಿ. ಬೆಂಗಳೂರಿನಲ್ಲಿ 1905ರಿಂದ ಇರುವ ಗಾಯನ ಸಮಾಜ, ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿರುವ ಶ್ರೀರಾಮಸೇವಾ ಮಂಡಳಿ ಇವು ಹೆಸರಾದವು. ಅವಲ್ಲದೆ ಮೈಸೂರಿನಲ್ಲೂ ಇತರ ಊರುಗಳಲ್ಲೂ ಗಣೇಶೋತ್ಸವ, ನವರಾತ್ರಿಗಳ ಹೊತ್ತಿಗೆ ಬಡಾವಣೆಗಳಲ್ಲೇ ಪ್ರವೇಶಶುಲ್ಕವಿಲ್ಲದ ಕಛೇರಿಗಳು ನಡೆಯುತ್ತವೆ. ಪುಷ್ಯ ಬಹುಳ ಪಂಚಮಿಯ ತ್ಯಾಗರಾಜ ಆರಾಧನೆಯ ಸುಮಾರಿಗೆ ಅನೇಕ ಕಡೆ ಪಂಚರತ್ನ ಕೃತಿಗಳ ಗೋಷ್ಠಿಗಾಯನವಿರುತ್ತದೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಈ ಐದು ಕೃತಿಗಳೂ ಆದಿತಾಳದಲ್ಲೇ ಇರುವುದರಿಂದ, ಒಂದೇ ತಾಳದ ಮೇಲೆ ಐದು ರಾಗಗಳ ಬೇರೆ ಬೇರೆ ಮುಖಗಳನ್ನು ಕಾಣಲು ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದು ಸಿಗುವುದು ಕಷ್ಟ.

ಆದಷ್ಟು ಮುಂದೆ ಕುಳಿತುಕೊಳ್ಳಿ. ಧ್ವನಿವರ್ಧಕದಿಂದ ಬರುವ ನಾದಕ್ಕಿಂತ ಕಲಾವಿದರ ಕೈ, ಮುಖ, ಪರಸ್ಪರ ನೋಟಗಳು ಹೆಚ್ಚು ಕಲಿಸುತ್ತವೆ. ಗಾಯಕರ ಬಲಗಡೆ ಮೃದಂಗ, ಎಡಗಡೆ ಪಿಟೀಲು ಇರುವುದನ್ನು ಸಾಮಾನ್ಯವಾಗಿ ಕಾಣುತ್ತೀರಿ. ಬಲಗೈ ಬಳಸುವ ಮೃದಂಗವಾದಕರು ಅಲ್ಲಿ ಗಾಯಕರಿಗೆ ಅಭಿಮುಖವಾಗಿ ಕುಳಿತಾಗ ಕರಣೆಯೆಂಬ ಕಪ್ಪು ಲೇಪ ಹಚ್ಚಿದ ಬಲಮುಖ ಸಭೆಯ ಕಡೆಗೆ ತೆರೆದುಕೊಳ್ಳುತ್ತದೆ. ಇಂದಿನ ಕಛೇರಿಯ ಕ್ರಮಕ್ಕೆ ರೂಪು ಕೊಟ್ಟವರೆಂದು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರನ್ನು (1890–1967) ನೆನೆಯುವುದು ವಾಡಿಕೆ: ಆರಂಭದಲ್ಲಿ ವರ್ಣ, ಬಳಿಕ ಚುರುಕಾದ ಕೆಲವು ಕೃತಿಗಳು, ನಡುವೆ ವಿಸ್ತಾರವಾದ ಆಲಾಪನೆ, ನೆರವಲ್, ಸ್ವರಗಳೊಡನೆ ಒಂದು ಪ್ರಧಾನ ಕೃತಿ, ಅದರ ಬೆನ್ನಿಗೆ ಲಯವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ, ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನಗಳಂಥ ಚಿಕ್ಕ ರಚನೆಗಳು ಮತ್ತು ಮಂಗಳ. ಕೆಲವೊಮ್ಮೆ ಪ್ರಧಾನ ಸ್ಥಾನವನ್ನು ರಾಗ ತಾನ ಪಲ್ಲವಿ ತೆಗೆದುಕೊಳ್ಳುತ್ತದೆ. ಒಂದೇ ಸಾಲಿನ ಮೇಲೆ ಲಯದ ಸೂಕ್ಷ್ಮ ಲೆಕ್ಕಾಚಾರಗಳು ನಡೆಯುವ ಅದು ಮೊದಲ ಸಲಕ್ಕೆ ಹಿಡಿತಕ್ಕೆ ಸಿಗದಿದ್ದರೆ ಆಶ್ಚರ್ಯವಿಲ್ಲ.

ತನಿ ಆವರ್ತನ ಬಂದಾಗ ಸಭಾಂಗಣದಿಂದ ಎದ್ದು ಹೋಗುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ, ಇದು ಲಯವಾದಕರಿಗೆ ಮಾಡುವ ಅವಮಾನವೆಂದು ನಾನು ಖಚಿತವಾಗಿ ನಂಬುತ್ತೇನೆ. ಹೊಸಬರು ಇದನ್ನು ಅನುಸರಿಸಬಾರದು. ರಾಗಜ್ಞಾನ ಏನೂ ಬೇಡದ ಭಾಗ ಅದೊಂದೇ. ತಾಳ ಹಾಕುತ್ತಾ ಕುಳಿತರೆ ಸಾಕು. ಮೃದಂಗವೂ ಘಟವೋ ಖಂಜಿರವೋ ಸರದಿಯಂತೆ ನುಡಿಸುತ್ತವೆ, ಸರದಿಗಳು ಬರಬರುತ್ತಾ ಚಿಕ್ಕವಾಗುತ್ತವೆ, ಕಡೆಗೆ ಎರಡೂ ಒಟ್ಟುಗೂಡಿ ಮುಕ್ತಾಯವನ್ನು ಮೂರು ಸಲ ನುಡಿಸಿ ಹಾಡಿನ ಎತ್ತುಗಡೆಗೆ ಸರಿಯಾಗಿ ತಂದು ಬಿಡುತ್ತವೆ. ಅಷ್ಟೂ ಹೊತ್ತು ನಿಮ್ಮ ಕೈ ತಾಳ ತಪ್ಪದೆ ಬಂದು ಅವರೊಡನೆ ಅದೇ ಜಾಗಕ್ಕೆ ಸೇರಿದರೆ ಆಗುವ ಸಂತೋಷವನ್ನು ಬೇರೆಯವರು ಹೇಳಿ ತಿಳಿಸಲಾಗದು. ಚಪ್ಪಾಳೆಯ ವಿಷಯದಲ್ಲಿ ಕಟ್ಟುನಿಟ್ಟಿನ ನಿಯಮವಿಲ್ಲ. ಆಲಾಪನೆ ಮುಗಿದಾಗ, ಪಿಟೀಲಿನ ಸರದಿ ಮುಗಿದಾಗ, ತನಿಯ ಕೊನೆಯಲ್ಲಿ ತಟ್ಟುವುದು ರೂಢಿ. ನಡುವೆ ಹೊರಡಬೇಕಾದರೆ ಒಂದು ರಚನೆ ಮುಗಿದು ಇನ್ನೊಂದು ಆರಂಭವಾಗುವ ಮುನ್ನ ಎದ್ದರೆ ಯಾರಿಗೂ ತೊಂದರೆಯಾಗುವುದಿಲ್ಲ.

ರಾಗದ ಹೆಸರು ಯಾವಾಗ

ಪಕ್ಕದಲ್ಲಿ ಕುಳಿತವರು ಎರಡೇ ಸ್ವರಕ್ಕೆ ರಾಗದ ಹೆಸರನ್ನು ಪಿಸುಗುಟ್ಟುವುದನ್ನು ಕಂಡು ಎದೆಗುಂದುವುದು ಸಹಜ. ರಾಗ ಗುರುತಿಸುವುದು ಕೇಳ್ಮೆಯ ಒಂದು ಉಪಫಲವೇ ಹೊರತು ಅದರ ಪರೀಕ್ಷೆಯಲ್ಲ. ಬೇಕೆನಿಸಿದಾಗ ಹೀಗೆ ಮಾಡಿ: ನಿಮಗೆ ಬಾಯಿಗೆ ಬರುವ ಒಂದೊಂದು ರಚನೆಯ ಜೊತೆ ಅದರ ರಾಗದ ಹೆಸರನ್ನು ಸೇರಿಸಿಟ್ಟುಕೊಳ್ಳಿ. ಹೊಸ ಆಲಾಪನೆ ಕೇಳಿದಾಗ ಮನಸ್ಸಿಗೆ ಯಾವ ಹಾಡು ನೆನಪಾಗುತ್ತದೆ ಎಂದು ನೋಡಿ. ‘ವಾತಾಪಿ’ ನೆನಪಾದರೆ ಅದು ಹಂಸಧ್ವನಿಯಾಗಿರುವ ಸಾಧ್ಯತೆ ಹೆಚ್ಚು. ಬಹುಪಾಲು ರಸಿಕರು ಗುರುತಿಸುವುದು ಈ ದಾರಿಯಲ್ಲೇ, ಸ್ವರಗಳನ್ನು ಎಣಿಸಿ ಅಲ್ಲ. ಮೋಹನ, ಹಂಸಧ್ವನಿ, ಹಿಂದೋಳ, ಮಧ್ಯಮಾವತಿ, ಕಲ್ಯಾಣಿ ಇಷ್ಟು ರಾಗಗಳಲ್ಲಿ ಎರಡೆರಡು ರಚನೆಗಳು ಗಟ್ಟಿಯಾಗಿ ಕಿವಿಯಲ್ಲಿ ಕುಳಿತರೆ ಒಂದು ವರ್ಷದ ಕೇಳ್ಮೆಗೆ ಅದು ತುಂಬು ಫಲ.

ಇನ್ನು ಬಲ್ಲವರಿಗೆ ಒಂದೆರಡು ಮಾತು, ಏಕೆಂದರೆ ಹೊಸಬರು ಬಹುಪಾಲು ಯಾರದೋ ಜೊತೆಯಲ್ಲಿ ಬರುತ್ತಾರೆ. ಗೆಳೆಯರನ್ನೋ ಮನೆಯ ಮಕ್ಕಳನ್ನೋ ಕಛೇರಿಗೆ ಕರೆದೊಯ್ಯುವಾಗ ದಾರಿಯಲ್ಲಿ ಒಂದೇ ಒಂದು ವಿಷಯವನ್ನು ಹೇಳಿ, ಉದಾಹರಣೆಗೆ ಪಿಟೀಲು ಗಾಯಕರನ್ನು ಹೇಗೆ ಹಿಂಬಾಲಿಸುತ್ತದೆಯೆಂದು. ಅಂದು ಅವರು ಗಮನಿಸಬೇಕಾದದ್ದು ಅಷ್ಟೇ ಆಗಿರಲಿ. ಹಾಡು ನಡೆಯುತ್ತಿರುವಾಗ ವಿವರಣೆ ಕೊಡಬೇಡಿ, ಹಳೆಯ ವಿದ್ವಾಂಸರೊಡನೆ ಹೋಲಿಸಿ ಇಂದಿನವರನ್ನು ಕಡಿಮೆಗಟ್ಟಬೇಡಿ. ಹೊಸಬರಿಗೆ ಇಷ್ಟವಾದದ್ದು ಪ್ರಧಾನ ಕೃತಿಯಾಗಿರದೆ ಕೊನೆಯ ಚಿಕ್ಕ ತಿಲ್ಲಾನವಾಗಿದ್ದರೆ, ಮರುದಿನ ಅದರ ರಾಗದಲ್ಲೇ ಇರುವ ಇನ್ನೊಂದು ರಚನೆಯನ್ನು ಹುಡುಕಿ ಕಳುಹಿಸಿ.